ಔಷಧ ಕಂಪನಿಯ ತರಬೇತಿ ಮತ್ತು ದಾಖಲೆ ವಿಭಾಗದಲ್ಲಿ ಮೊದಲ ನೌಕರಿ: ಬೆಳಗಾವಿ, ಬಾಗಲಕೋಟೆ, ವಿಜಯಪುರದ ಪದವೀಧರರಿಗೆ ಸಮಗ್ರ ಮಾರ್ಗದರ್ಶಿ

ಪ್ರತಿ ವರ್ಷ ರಿಸಲ್ಟ್ ಬಂದ ಮೇಲೆ ನಮ್ಮ ಕಡೆಯ ಹುಡುಗ ಹುಡುಗಿಯರಿಂದ ನನಗೆ ಫೋನ್ ಬರುತ್ತದೆ. ಬಿ.ಫಾರ್ಮಾ ಮುಗಿಸಿದವರು, ಕೆಮಿಸ್ಟ್ರಿ ಅಥವಾ ಮೈಕ್ರೋಬಯಾಲಜಿ ತೆಗೆದುಕೊಂಡು ಬಿ.ಎಸ್ಸಿ ಮಾಡಿದವರು. ಪ್ರಶ್ನೆ ಹೆಚ್ಚುಕಡಿಮೆ ಒಂದೇ, ಕ್ಯೂಎ ಅಂದರೆ ಗುಣಮಟ್ಟ ಖಾತರಿ ವಿಭಾಗದ ಬಗ್ಗೆ. "ಸರ, ಕ್ಯೂಎದಾಗ ಟ್ರೈನಿಂಗ್, ಡಾಕ್ಯುಮೆಂಟೇಷನ್ ಅಂತ ಪೋಸ್ಟ್ ಐತ್ರಿ. ಹೋಗ್ಲೋ ಬ್ಯಾಡೋ? ಬರೇ ಫೈಲ್ ಜೋಡಸೂ ಕೆಲಸ ಅಂತಾರಲ್ರಿ?"

ಹೋಗಿ ಅಂತಲೇ ಹೇಳುತ್ತೇನೆ. ಆದರೆ ಫೈಲ್ ಜೋಡಿಸುವ ಕೆಲಸ ಅಂದುಕೊಂಡು ಹೋಗಬೇಡಿ. ಯಾಕೆ ಅನ್ನುವುದಕ್ಕೆ ಒಂದು ಹಳೆಯ ಘಟನೆ ಹೇಳಲೇಬೇಕು.

1972ರಲ್ಲಿ ಇಂಗ್ಲೆಂಡಿನ ಪ್ಲಿಮತ್ ಊರಿನ ಡೆವನ್‌ಪೋರ್ಟ್ ಆಸ್ಪತ್ರೆಯಲ್ಲಿ ರೋಗಿಗಳಿಗೆ ಡೆಕ್ಸ್‌ಟ್ರೋಸ್ ಡ್ರಿಪ್ ಹಾಕಿದರು. ಬಾಟಲಿಯೊಳಗೆ ಬ್ಯಾಕ್ಟೀರಿಯಾ ಬೆಳೆದಿತ್ತು. ಐದು ಜನ ತೀರಿಕೊಂಡರು. ತನಿಖೆ ಮಾಡಿದಾಗ ಗೊತ್ತಾಗಿದ್ದು ಇಷ್ಟು. ಹಿಂದಿನ ವರ್ಷ ಆ ಬ್ಯಾಚನ್ನು ಹಬೆಯಿಂದ ಕ್ರಿಮಿ ಕೊಲ್ಲುವ ಆಟೋಕ್ಲೇವ್‌ನಲ್ಲಿ ಇಟ್ಟಾಗ ತಳದಲ್ಲಿ ಗಾಳಿ ಉಳಿದುಕೊಂಡಿತ್ತು. ಕೆಳಗಿನ ಸಾಲಿನ ಬಾಟಲಿಗಳಿಗೆ ಬೇಕಾದಷ್ಟು ಬಿಸಿ ತಾಗಲಿಲ್ಲ. ಇದನ್ನು ಚಾರ್ಟ್ ರೆಕಾರ್ಡರ್ ತೋರಿಸಿತ್ತು! ಉಷ್ಣತೆ ಏರಿಲ್ಲ ಅಂತ ಕಾಗದದ ಮೇಲೆ ಗೆರೆ ಬಿದ್ದಿತ್ತು. ನೋಡಿದವರು ರೆಕಾರ್ಡರೇ ಕೆಟ್ಟಿದೆ ಅಂದುಕೊಂಡು ಬೇರೆ ಗೇಜ್ ನಂಬಿದರು. ಕಾಗದ ನಿಜ ಹೇಳಿತ್ತು. ಅದನ್ನು ಓದಿ, ಕೆಲಸ ನಿಲ್ಲಿಸಿ, ಮೇಲಿನವರನ್ನು ಕರೆಯಬೇಕು ಅಂತ ಆ ಕೈಗಳಿಗೆ ಯಾರೂ ಕಲಿಸಿರಲಿಲ್ಲ.

ನಿಮ್ಮ ಹುದ್ದೆಯ ಎರಡೂ ಅರ್ಧಗಳು ಈ ಒಂದು ಘಟನೆಯಲ್ಲಿವೆ. ಕೈ ಮಾಡಿದ್ದನ್ನೇ ಕಾಗದ ಹೇಳಬೇಕು. ಕಾಗದ ಹೇಳಿದ್ದು ಕೈಗೆ ಗೊತ್ತಿರಬೇಕು. ಈ ಎರಡರ ನಡುವೆ ನಿಲ್ಲುವವರು ನೀವು.

ಮೊದಲು ಓದು, ಆಮೇಲೆ ಅರ್ಜಿ

ಕೆಲಸ ಹುಡುಕುವ ಮುಂಚೆ ಮೂರು ವಾರ ಓದಿಗೆ ಇಡಿ. ಸಾವಿರಾರು ರೂಪಾಯಿ ಕೊಟ್ಟು ಸರ್ಟಿಫಿಕೇಟ್ ಕೋರ್ಸ್ ಸೇರುವ ಅಗತ್ಯ ಇಲ್ಲ. ಬೇಕಾದ ಮೂಲ ನಿಯಮಗಳೆಲ್ಲ ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ.

ಮೊದಲು ನಮ್ಮ ದೇಶದ್ದು. 1945ರ ಔಷಧ ನಿಯಮಗಳಲ್ಲಿ ಶೆಡ್ಯೂಲ್ ಎಂ ಅಂತ ಒಂದು ಭಾಗವಿದೆ. ಔಷಧ ತಯಾರಿಸುವ ಜಾಗ ಹೇಗಿರಬೇಕು, ಜನ ಹೇಗಿರಬೇಕು, ದಾಖಲೆ ಹೇಗಿಡಬೇಕು ಅಂತ ಹೇಳುವುದು ಇದೇ. 2023ರ ಡಿಸೆಂಬರ್ 28ರಂದು ಕೇಂದ್ರ ಸರ್ಕಾರ ಇದನ್ನು ಪೂರ್ತಿ ಪರಿಷ್ಕರಿಸಿ ಅಧಿಸೂಚನೆ ಹೊರಡಿಸಿತು. 250 ಕೋಟಿಗಿಂತ ಜಾಸ್ತಿ ವಹಿವಾಟಿನ ಕಂಪನಿಗಳಿಗೆ ಆರು ತಿಂಗಳ ಗಡುವು. ಸಣ್ಣ ಮತ್ತು ಮಧ್ಯಮ ಕಂಪನಿಗಳಿಗೆ ಕೊಟ್ಟ ಗಡುವನ್ನು ಆಮೇಲೆ, ಅರ್ಜಿ ಹಾಕಿಕೊಂಡವರಿಗೆ, 2025ರ ಡಿಸೆಂಬರ್ 31ರ ತನಕ ಮುಂದೂಡಿದರು. ಇದು ನಿಮಗೆ ಯಾಕೆ ಮುಖ್ಯ ಅಂದರೆ, ಹಳೆಯ ಪದ್ಧತಿಯಲ್ಲಿ ನಡೆಯುತ್ತಿದ್ದ ಸಣ್ಣ ಕಂಪನಿಗಳಿಗೂ ಈಗ ದಾಖಲೆ ಮತ್ತು ತರಬೇತಿ ನೋಡಿಕೊಳ್ಳುವ ಜನ ಬೇಕು.

ಎರಡನೆಯದು ಅಮೆರಿಕದ್ದು. 21 ಸಿಎಫ್‌ಆರ್ 211 ಅಂತ ಕರೆಯುತ್ತಾರೆ. ಪೂರ್ತಿ ಓದಿದರೆ ಒಳ್ಳೆಯದು, ಆಗದಿದ್ದರೆ 211.25, 211.100, 211.180, 211.188 ಈ ನಾಲ್ಕನ್ನು ಬಿಡಬೇಡಿ. ಮೊದಲನೆಯದು ಸಿಬ್ಬಂದಿಯ ಅರ್ಹತೆ ಮತ್ತು ತರಬೇತಿ. ಎರಡನೆಯದು ಬರೆದಿಟ್ಟ ವಿಧಾನಗಳು ಮತ್ತು ಅದರಿಂದ ಆಚೀಚೆ ಆದರೆ ಏನು ಮಾಡಬೇಕು ಅನ್ನುವುದು. ಮೂರನೆಯದು ದಾಖಲೆಯನ್ನು ಎಷ್ಟು ದಿನ ಇಡಬೇಕು ಅನ್ನುವುದು. ನಾಲ್ಕನೆಯದು ಬ್ಯಾಚ್ ದಾಖಲೆ. ಯುರೋಪಿನ ಜಿಎಂಪಿಯಲ್ಲಿ, ಅಂದರೆ ಔಷಧವನ್ನು ಸರಿಯಾಗಿ ತಯಾರಿಸುವ ನಿಯಮಗಳಲ್ಲಿ, ಎರಡನೇ ಅಧ್ಯಾಯ ಸಿಬ್ಬಂದಿಯದು, ನಾಲ್ಕನೇ ಅಧ್ಯಾಯ ದಾಖಲೆಯದು. ತರಬೇತಿ ಕೊಟ್ಟರೆ ಸಾಲದು, ಅದು ಕೆಲಸದಲ್ಲಿ ಕಾಣುತ್ತಿದೆಯಾ ಅಂತ ಆಗಾಗ ನೋಡಬೇಕು ಅಂತ ಆ ಎರಡನೇ ಅಧ್ಯಾಯ ಹೇಳುತ್ತದೆ. ಈ ಒಂದು ಮಾತನ್ನು ನೆನಪಿನಲ್ಲಿ ಇಟ್ಟುಕೊಂಡು ಮುಂದೆ ಓದಿ.

ಬಾಯಿಪಾಠ ಬೇಡ. ಪ್ರತಿ ನಿಯಮ ಓದಿದ ಮೇಲೆ ನೋಟ್‌ಬುಕ್‌ನಲ್ಲಿ ನಿಮ್ಮ ಕನ್ನಡದಲ್ಲಿ ಎರಡು ಸಾಲು ಬರೆಯಿರಿ. ಕನ್ನಡದಲ್ಲಿ ಬರೆಯಲು ಆಗಲಿಲ್ಲ ಅಂದರೆ ಅದು ಇನ್ನೂ ಅರ್ಥವಾಗಿಲ್ಲ.

ಮನೆಯಲ್ಲೇ ಒಂದು ಎಸ್‌ಒಪಿ ಬರೆಯಿರಿ

ಎಸ್‌ಒಪಿ ಅಂದರೆ ಒಂದು ಕೆಲಸವನ್ನು ಹೇಗೆ ಮಾಡಬೇಕು ಅಂತ ಹಂತ ಹಂತವಾಗಿ ಬರೆದು, ಸಹಿ ಹಾಕಿ, ಜಾರಿಗೆ ತಂದ ವಿಧಾನ. ಕಾಲೇಜಿನಲ್ಲಿ ಇದರ ವ್ಯಾಖ್ಯಾನ ಓದಿರುತ್ತೀರಿ. ಬರೆದಿರುವುದಿಲ್ಲ. ಅದಕ್ಕೆ ನಾನು ಎಲ್ಲರಿಗೂ ಒಂದು ಕೆಲಸ ಕೊಡುತ್ತೇನೆ: ಜೋಳದ ರೊಟ್ಟಿ ಮಾಡುವ ಎಸ್‌ಒಪಿ ಬರೆಯಿರಿ.

ಅವ್ವ ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕುಳಿತುಕೊಳ್ಳಿ. ಕೇಳಿ, "ಎಸರು ಎಷ್ಟು ಹಾಕ್ತಿ?" ಉತ್ತರ ಬರುತ್ತದೆ, "ಹಿಟ್ಟಿಗೆ ಹಿಡಿಯೂ ಅಷ್ಟು." ಎಷ್ಟು ನಾದಬೇಕು? "ಮೆತ್ತಗ ಆಗೂತನಕ." ಹಂಚು ಎಷ್ಟು ಕಾಯಬೇಕು? "ನೀರ ಚಿಮುಕಿಸಿದ್ರ ಗೊತ್ತಾಗತೈತಿ." ಆ ಕೈಗೆ ಮೂವತ್ತು ವರ್ಷದ ಅನುಭವ ಇದೆ. ಅದರಲ್ಲಿ ಒಂದು ಅಂಕೆಯೂ ಇಲ್ಲ. ಈಗ ಲೋಟ ತನ್ನಿ, ಅಳೆಯಿರಿ. ಹಿಟ್ಟು ಎಷ್ಟು, ಎಸರು ಎಷ್ಟು, ಎಷ್ಟು ನಿಮಿಷ ನಾದಿದರು, ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರಿದ್ದು ಯಾವಾಗ, ತಿರುವಿ ಹಾಕಿದ್ದು ಏನನ್ನು ನೋಡಿಕೊಂಡು, ಎಲ್ಲ ಬರೆಯಿರಿ. ಬರೆದ ಕಾಗದವನ್ನು ಎಂದೂ ರೊಟ್ಟಿ ಮಾಡದ ತಮ್ಮನ ಕೈಗೆ ಕೊಡಿ. ನೀವು ಬಾಯಿ ಬಿಡಬೇಡಿ. ಅವನು ಎಲ್ಲಿ ನಿಲ್ಲುತ್ತಾನೋ, ಎಲ್ಲಿ ನಿಮ್ಮ ಮುಖ ನೋಡುತ್ತಾನೋ, ಅಲ್ಲೆಲ್ಲ ನಿಮ್ಮ ಎಸ್‌ಒಪಿಯಲ್ಲಿ ತೂತಿದೆ.

ಎರಡು ಮೂರು ಸಲ ತಿದ್ದಿದ ಮೇಲೆ ಆ ಕಾಗದಕ್ಕೆ ನಂಬರ್, ಆವೃತ್ತಿ, ಉದ್ದೇಶ, ವ್ಯಾಪ್ತಿ, ಜವಾಬ್ದಾರಿ, ವಿಧಾನ ಅಂತ ತಲೆಬರಹ ಕೊಡಿ. ಇಂಟರ್‌ವ್ಯೂಗೆ ಒಯ್ಯಿರಿ. ನನ್ನ ಮುಂದೆ ಕೂತ ಒಬ್ಬ ಹುಡುಗಿ ಇಂಥದ್ದೇ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟಾಗ, ಅದರ ಮೂರನೇ ಆವೃತ್ತಿಯ ಬದಲಾವಣೆ ಪಟ್ಟಿ ನೋಡಿ ಬೇರೆ ಪ್ರಶ್ನೆ ಕೇಳುವ ಮನಸ್ಸೇ ಆಗಲಿಲ್ಲ.

ಎಲ್ಲಿ ಹುಡುಕಬೇಕು

ನಮ್ಮ ಮೂರು ಜಿಲ್ಲೆಗಳಲ್ಲಿ ಫಾರ್ಮಸಿ ಓದಲು ಒಳ್ಳೆಯ ಕಾಲೇಜುಗಳಿವೆ. ಬೆಳಗಾವಿಯಲ್ಲಿ ಕೆಎಲ್ಇ ಮತ್ತು ಮರಾಠಾ ಮಂಡಳ, ಬಾಗಲಕೋಟೆಯಲ್ಲಿ ಬಿವಿವಿ ಸಂಘದ ಹಾನಗಲ್ ಕುಮಾರೇಶ್ವರ ಕಾಲೇಜು, ವಿಜಯಪುರದಲ್ಲಿ ಬಿಎಲ್‌ಡಿಇ ಸಂಸ್ಥೆಯ ಕಾಲೇಜು. ಆದರೆ ದೊಡ್ಡ ಔಷಧ ಕಾರ್ಖಾನೆಗಳು ಜಾಸ್ತಿ ಇರುವುದು ಹೊರಗೆ. ಒಂದು ಕಾಲದಲ್ಲಿ ಸಿಡುಬಿನ ಲಸಿಕೆಯನ್ನೇ ತಯಾರಿಸಿದ ಊರು ಬೆಳಗಾವಿ. ಟಿಳಕವಾಡಿಯ ವ್ಯಾಕ್ಸಿನ್ ಡಿಪೋ ಮೈದಾನದ ಹೆಸರು ಅದರಿಂದಲೇ ಬಂದದ್ದು. ಅಲ್ಲಿ ಬೆಳಗ್ಗೆ ವಾಕಿಂಗ್ ಹೋಗುವ ಎಷ್ಟೋ ಜನರಿಗೆ ಇದು ಗೊತ್ತಿಲ್ಲ ಅನ್ನುವುದು ನನಗೆ ಬೇಜಾರಿನ ವಿಷಯ.

ಬೆಳಗಾವಿಯವರಿಗೆ ಹತ್ತಿರ ಅಂದರೆ ಗೋವಾ. ಚೋರ್ಲಾ ಘಾಟ್ ಇಳಿದರೆ ವೆರ್ಣಾ ಕೈಗಾರಿಕಾ ಪ್ರದೇಶದಲ್ಲಿ ಹೆಸರಾಂತ ಕಂಪನಿಗಳಿವೆ. ಇನ್ನೊಂದು ಕಡೆ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶವನ್ನೂ ನೋಡಿ. ವಿಜಯಪುರ, ಬಾಗಲಕೋಟೆಯವರಿಗೆ ಹೈದರಾಬಾದ್ ಮತ್ತು ಬೀದರ್ ಅನುಕೂಲ. ಬೆಂಗಳೂರಿನ ಜಿಗಣಿ, ಬೊಮ್ಮಸಂದ್ರ ಎಲ್ಲರಿಗೂ ಇದ್ದೇ ಇದೆ.

ಹುಡುಕುವಾಗ ಹುದ್ದೆಯ ಹೆಸರು ನೋಡಿ ಮೋಸ ಹೋಗಬೇಡಿ. ಒಂದು ಕಡೆ 'ಗ್ರಾಜುಯೇಟ್ ಟ್ರೈನಿ, ಕ್ಯೂಎ' ಅಂತ ಇರುತ್ತದೆ, ಇನ್ನೊಂದು ಕಡೆ 'ಡಾಕ್ಯುಮೆಂಟ್ ಕಂಟ್ರೋಲ್', ಮತ್ತೊಂದು ಕಡೆ 'ಟ್ರೈನಿಂಗ್ ಕೋಆರ್ಡಿನೇಟರ್'. ಕೆಲಸದ ವಿವರ ಓದಿ. ಎಸ್‌ಒಪಿ, ಬಿಎಂಆರ್ (ಬ್ಯಾಚ್ ತಯಾರಿಕೆಯ ದಾಖಲೆ) ವಿತರಣೆ, ತರಬೇತಿ ದಾಖಲೆ ಅಂತ ಇದ್ದರೆ ಅದು ನಿಮ್ಮದೇ. ಕೇಂದ್ರ ಸರ್ಕಾರದ ನ್ಯಾಟ್ಸ್ ಪೋರ್ಟಲ್‌ನಲ್ಲಿ ಪದವೀಧರ ಅಪ್ರೆಂಟಿಸ್ ಆಗಿ ಹೆಸರು ನೋಂದಾಯಿಸಿ. ಅಪ್ರೆಂಟಿಸ್ ಆಗಿ ಒಳಗೆ ಕಾಲಿಟ್ಟು ಕಾಯಂ ಆದವರು ಬಹಳ ಜನ.

ಇನ್ನೊಂದು ಮಾತು. ಕೆಲಸ ಕೊಡಿಸುತ್ತೇನೆ ಅಂತ ದುಡ್ಡು ಕೇಳಿದವರಿಗೆ ಒಂದು ರೂಪಾಯಿಯೂ ಕೊಡಬೇಡಿ. ಮೂಲ ಅಂಕಪಟ್ಟಿ ತೋರಿಸಿ, ಜೆರಾಕ್ಸ್ ಕೊಡಿ, ಮೂಲ ಕೊಟ್ಟು ಬರಬೇಡಿ. ಸಂಬಳದ ಜೊತೆ ಬಸ್ಸು, ಊಟ, ರೂಮು ಕೇಳಿಕೊಳ್ಳಿ. ಗೋವಾದಲ್ಲಿ ರೂಮಿನ ಬಾಡಿಗೆ ಲೆಕ್ಕ ಹಾಕದೆ ಹೋಗಿ ಮೂರನೇ ತಿಂಗಳಿಗೆ ವಾಪಸ್ ಬಂದವರನ್ನು ನೋಡಿದ್ದೇನೆ.

ಇಂಟರ್‌ವ್ಯೂನಲ್ಲಿ ಎರಡು ಪ್ರಶ್ನೆ ಖಂಡಿತ

ಒಂದು: ದಾಖಲೆಯಲ್ಲಿ ತಪ್ಪು ಬರೆದರೆ ಏನು ಮಾಡುತ್ತೀರಿ? ತಕ್ಕಡಿ 25.40 ತೋರಿಸಿದೆ, ನೀವು 24.50 ಅಂತ ಬರೆದಿರಿ ಅಂದುಕೊಳ್ಳಿ. ತಪ್ಪಿನ ಮೇಲೆ ಒಂದೇ ಒಂದು ಅಡ್ಡ ಗೆರೆ. ಕೆಳಗಿನ ಅಂಕೆ ಓದಲು ಬರಬೇಕು. ಪಕ್ಕದಲ್ಲಿ ಸರಿಯಾದ 25.40, ನಿಮ್ಮ ಚಿಕ್ಕ ಸಹಿ, ಇವತ್ತಿನ ತಾರೀಖು, ಕಾರಣ. ವೈಟ್ನರ್ ಇಲ್ಲ, ಗೀಚುವುದಿಲ್ಲ, 4ನ್ನು ತಿದ್ದಿ 5 ಮಾಡುವುದಿಲ್ಲ. ಪೆನ್ಸಿಲ್ ಅಂತೂ ಜೇಬಿನಲ್ಲೂ ಇರಬಾರದು. ತಕ್ಕಡಿಯ ಪ್ರಿಂಟ್ ಥರ್ಮಲ್ ಕಾಗದದ ಮೇಲೆ ಬರುತ್ತದೆ, ದಿನ ಕಳೆದಂತೆ ಮಾಸುತ್ತದೆ. ಅದರ ಜೆರಾಕ್ಸ್ ತೆಗೆದು, ಸಹಿ ತಾರೀಖು ಹಾಕಿ, ಮೂಲದ ಜೊತೆಗೇ ಅಂಟಿಸಬೇಕು.

ಎರಡು: "ನಿನ್ನೆ ಸಹಿ ಹಾಕೋದು ಮರೆತೆ. ಇವತ್ತು ನಿನ್ನೆ ತಾರೀಖು ಹಾಕು" ಅಂತ ಮೇಲಿನವರೇ ಹೇಳಿದರೆ? ಇಲ್ಲಿ ಬಹಳ ಜನ ತಡವರಿಸುತ್ತಾರೆ. ಉತ್ತರ ಒಂದೇ. ಇವತ್ತಿನ ತಾರೀಖು ಹಾಕಿ, ತಡವಾಗಿ ಬರೆದದ್ದು ಅಂತ ಬರೆದು, ಕಾರಣ ಬರೆಯುತ್ತೇನೆ. ಸಹಿ ಮರೆತದ್ದು ಸಣ್ಣ ತಪ್ಪು, ವಿವರಣೆ ಕೊಡಬಹುದು. ಹಿಂದಿನ ತಾರೀಖು ಹಾಕಿದರೆ ಅದು ಸುಳ್ಳು ದಾಖಲೆ. ಒಂದು ಸಹಿ ಸುಳ್ಳು ಅಂತ ಗೊತ್ತಾದರೆ ಆ ರೂಮಿನಲ್ಲಿರುವ ಉಳಿದ ಯಾವ ಕಾಗದವನ್ನೂ ಕಾರ್ಖಾನೆ ತಪಾಸಣೆಗೆ ಬಂದ ಇನ್‌ಸ್ಪೆಕ್ಟರ್ ನಂಬುವುದಿಲ್ಲ.

ಇದನ್ನೆಲ್ಲ ಸೇರಿಸಿ 'ಅಲ್ಕೋವಾ' ಅಂತ ಕರೆಯುತ್ತಾರೆ. ಇಂಗ್ಲಿಷಿನ ಐದು ಪದಗಳ ಮೊದಲ ಅಕ್ಷರಗಳು. ಯಾರು ಬರೆದರು ಗೊತ್ತಾಗಬೇಕು, ಓದಲು ಬರಬೇಕು, ಕೆಲಸ ಮಾಡಿದಾಗಲೇ ಬರೆದಿರಬೇಕು, ಅದೇ ಮೂಲವಾಗಿರಬೇಕು, ಸರಿಯಾಗಿರಬೇಕು. ಅಂಗೈ ಮೇಲೆ, ಟಿಶ್ಯೂ ಕಾಗದದ ಮೇಲೆ ಬರೆದುಕೊಂಡು ಆಮೇಲೆ ಚಂದದ ಅಕ್ಷರದಲ್ಲಿ ಲಾಗ್‌ಬುಕ್‌ಗೆ ಇಳಿಸುವುದು ಯಾಕೆ ತಪ್ಪು ಅಂತ ಈಗ ಹೇಳಿ ನೋಡೋಣ?

ಮೊದಲ ತಿಂಗಳು

ಸೇರಿದ ಕೂಡಲೇ ನಿಮ್ಮ ಹೆಸರಿನಲ್ಲೂ ಒಂದು ತರಬೇತಿ ಫೈಲ್ ತೆರೆಯುತ್ತದೆ. ಹುದ್ದೆಯ ಜವಾಬ್ದಾರಿ ಪತ್ರಕ್ಕೆ ಸಹಿ ಹಾಕುವ ಮುಂಚೆ ಓದಿ. ಸಹಿ ರಿಜಿಸ್ಟರ್‌ನಲ್ಲಿ ಪೂರ್ತಿ ಸಹಿ, ಚಿಕ್ಕ ಸಹಿ ಎರಡೂ ಕೊಡುತ್ತೀರಿ. ಅಲ್ಲಿಂದ ಮುಂದೆ ಅದೇ ಸಹಿ, ಬದಲಾಯಿಸುವಂತಿಲ್ಲ. ಎಲ್ಲಕ್ಕಿಂತ ಮೊದಲು 'ಎಸ್‌ಒಪಿ ಬರೆಯುವ ಎಸ್‌ಒಪಿ' ಓದಿ. ಆ ಕಂಪನಿ ಹೇಗೆ ಯೋಚಿಸುತ್ತದೆ ಅಂತ ಅದೊಂದೇ ಹೇಳಿಬಿಡುತ್ತದೆ.

ಇನ್ನು ಕ್ಯಾಂಟೀನಿನಲ್ಲಿ ಪ್ರೊಡಕ್ಷನ್ ಜನರ ಜೊತೆ ಕೂತು ಊಟ ಮಾಡಿ. ಇದು ಯಾವ ಎಸ್‌ಒಪಿಯಲ್ಲೂ ಇಲ್ಲ. ಆದರೆ ಮುಖ ಪರಿಚಯ ಇಲ್ಲದವರಿಗೆ ಯಾರೂ ತಮ್ಮ ತಪ್ಪು ಹೇಳಿಕೊಳ್ಳುವುದಿಲ್ಲ.

ದಾಖಲೆ ಕೆಲಸ: ಕೊಟ್ಟದ್ದು ಎಷ್ಟು, ಬಂದದ್ದು ಎಷ್ಟು

ಒಂದು ಎಸ್‌ಒಪಿಯ ಬದುಕು ಹೀಗೆ. ಸಂಬಂಧಪಟ್ಟ ವಿಭಾಗ ಕರಡು ಬರೆಯುತ್ತದೆ. ಇನ್ನೊಬ್ಬರು ಪರಿಶೀಲಿಸುತ್ತಾರೆ. ಕ್ಯೂಎ ಒಪ್ಪಿಗೆ ಕೊಡುತ್ತದೆ. ಒಪ್ಪಿಗೆಯ ದಿನಕ್ಕೂ ಜಾರಿಯ ದಿನಕ್ಕೂ ನಡುವೆ ಸ್ವಲ್ಪ ದಿನ ಬಿಡುತ್ತಾರೆ. ಆ ದಿನಗಳು ತರಬೇತಿಗೆ. ಜಾರಿಯ ದಿನದೊಳಗೆ ತರಬೇತಿ ಆಗದವರು ಆ ಕೆಲಸ ಮುಟ್ಟುವಂತಿಲ್ಲ. ಎರಡು ಅಥವಾ ಮೂರು ವರ್ಷಕ್ಕೊಮ್ಮೆ ಅದನ್ನು ಮತ್ತೆ ನೋಡಿ, ಬೇಕಿದ್ದರೆ ತಿದ್ದುತ್ತಾರೆ.

ಮೂಲ ಪ್ರತಿ ನಿಮ್ಮ ರೂಮಿನಲ್ಲಿ, ಬೀಗದೊಳಗೆ. ವಿಭಾಗಗಳಿಗೆ ಹೋಗುವುದು ಕಂಟ್ರೋಲ್ಡ್ ಕಾಪಿ. ಪ್ರತಿ ಕಾಪಿಗೂ ನಂಬರ್, ಮೊಹರು, ಯಾರಿಗೆ ಯಾವಾಗ ಕೊಟ್ಟಿರಿ ಅಂತ ರಿಜಿಸ್ಟರ್‌ನಲ್ಲಿ ಸಹಿ. ಹೊಸ ಆವೃತ್ತಿ ಕೊಡುವ ದಿನವೇ ಹಳೆಯದು ವಾಪಸ್ ಬರಬೇಕು. ಬಂದ ಕಾಪಿಗಳನ್ನು ಎಣಿಸಿ, ದಾಖಲಿಸಿ, ನಾಶ ಮಾಡಬೇಕು. ಮೂಲದ ಮೇಲೆ ರದ್ದು ಮೊಹರು ಹಾಕಿ ಇಟ್ಟುಕೊಳ್ಳಬೇಕು.

ಕೇಳಲು ಸುಲಭ. ನನ್ನ ಮೊದಲ ವರ್ಷದ ಮಾತು ಹೇಳುತ್ತೇನೆ. ಯಂತ್ರ ತೊಳೆಯುವ ಒಂದು ಎಸ್‌ಒಪಿ ಬದಲಾಗಿತ್ತು. ಹಳೆಯದರಲ್ಲಿ ಕೊನೆಗೆ ಒಂದು ಸಲ ಶುದ್ಧ ನೀರು ಹಾಯಿಸುವುದಿತ್ತು, ಹೊಸದರಲ್ಲಿ ಎರಡು ಸಲ. ಏಳು ಕಾಪಿ ಕೊಟ್ಟಿದ್ದೆವು, ಆರು ವಾಪಸ್ ಬಂದವು. ಏಳನೆಯದು ಹರಿದು ಹೋಗಿರಬೇಕು ಅಂತ ವಿಭಾಗದವರು ಹೇಳಿದರು. ನಾನು ಒಪ್ಪಿಕೊಂಡು, ನಾಳೆ ಬರೆದುಕೊಂಡರಾಯಿತು ಅಂತ ರಿಜಿಸ್ಟರ್ ಮುಚ್ಚಿದೆ. ಮೂರನೇ ದಿನ ರಾತ್ರಿ ಪಾಳಿಯಲ್ಲಿ ಆ ಕಾಪಿ ಸಿಕ್ಕಿತು. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ತೊಳೆಯುವ ರೂಮಿನ ಬಾಗಿಲ ಹಿಂದೆ ನೇತುಹಾಕಿದ್ದರು. ಅಲ್ಲಿನ ಹುಡುಗ ಅದನ್ನೇ ನೋಡಿ ಒಂದು ಸಲ ನೀರು ಹಾಯಿಸುತ್ತಿದ್ದ. ಅವನದೇನೂ ತಪ್ಪಿಲ್ಲ. ಅವನ ಕಣ್ಣ ಮುಂದಿದ್ದ ಕಾಗದದಲ್ಲಿ ಕ್ಯೂಎ ಸಹಿ ಇತ್ತು. ಡೀವಿಯೇಷನ್ (ಬರೆದಿಟ್ಟ ವಿಧಾನದಿಂದ ಆಚೀಚೆ ಆದದ್ದು) ದಾಖಲಾಯಿತು, ಯಂತ್ರಗಳನ್ನು ಮತ್ತೆ ತೊಳೆದು ಪರೀಕ್ಷೆ ಮಾಡಿದರು. ಅವತ್ತಿನಿಂದ, ಏಳು ಕೊಟ್ಟರೆ ಏಳು ಕೈಗೆ ಬರುವ ತನಕ ನಾನು ಕುರ್ಚಿಯಲ್ಲಿ ಕೂರುವುದಿಲ್ಲ. ಬರಲಿಲ್ಲ ಅಂದರೆ ಅದೇ ದಿನ ಬರವಣಿಗೆಯಲ್ಲಿ ಮೇಲಕ್ಕೆ ಹೋಗುತ್ತದೆ.

ಬ್ಯಾಚ್ ದಾಖಲೆಗೂ ಇದೇ ಲೆಕ್ಕ. ಬಿಎಂಆರ್ ಅಂದರೆ ಒಂದು ಬ್ಯಾಚಿನ ಜಾತಕ ಇದ್ದ ಹಾಗೆ. ಮೂಲದಿಂದ ಪ್ರತಿ ತೆಗೆದು, ಬ್ಯಾಚ್ ನಂಬರ್ ಹಾಕಿ, ಪುಟ ಎಣಿಸಿ ಕೊಡುತ್ತೀರಿ. ಪುಟದ ಮೇಲೆ ಚಹಾ ಚೆಲ್ಲಿತು, ಹರಿಯಿತು ಅಂದರೆ ಕಾರಣ ಬರೆದ ಅರ್ಜಿ ಪಡೆದು ಇನ್ನೊಂದು ಪುಟ ಕೊಡಿ. ಹಾಳಾದ ಪುಟವೂ ಅದರ ಜೊತೆಗೇ ಇರಬೇಕು. ಇನ್‌ಸ್ಪೆಕ್ಟರ್‌ಗಳು ಕಸದ ಬುಟ್ಟಿ, ಕಾಗದ ಚೂರು ಮಾಡುವ ಯಂತ್ರದ ಡಬ್ಬಿ ಕೂಡ ನೋಡುತ್ತಾರೆ. ಅಲ್ಲಿ ಅರ್ಧ ತುಂಬಿದ ಬಿಎಂಆರ್ ಪುಟ ಸಿಕ್ಕರೆ ಯಾವ ವಿವರಣೆಯೂ ಸಾಲದು.

ಎಷ್ಟು ವರ್ಷ ಇಡಬೇಕು? ಅಮೆರಿಕದ ನಿಯಮದಂತೆ ಬ್ಯಾಚಿನ ಎಕ್ಸ್‌ಪೈರಿ ಮುಗಿದು ಕನಿಷ್ಠ ಒಂದು ವರ್ಷ. ಯುರೋಪಿನಲ್ಲಿ ಎಕ್ಸ್‌ಪೈರಿ ಮುಗಿದು ಒಂದು ವರ್ಷ, ಇಲ್ಲವೇ ಬ್ಯಾಚನ್ನು ಪ್ರಮಾಣೀಕರಿಸಿದ ಮೇಲೆ ಐದು ವರ್ಷ, ಇವೆರಡರಲ್ಲಿ ಯಾವುದು ಜಾಸ್ತಿಯೋ ಅದು. ನಿಮ್ಮ ಕಂಪನಿ ಯಾವ ದೇಶಕ್ಕೆ ಕಳಿಸುತ್ತದೆ ನೋಡಿಕೊಂಡು ದೊಡ್ಡ ಅವಧಿಯನ್ನೇ ಹಿಡಿಯಿರಿ.

ತರಬೇತಿ ಕೆಲಸ: ಸಹಿಗಿಂತ ಮುಂದೆ

ಕಂಪ್ಯೂಟರ್ ಪರದೆಯ ಮೇಲೆ ನೀವು ದಿನಾ ನೋಡುವುದು ತರಬೇತಿ ಮ್ಯಾಟ್ರಿಕ್ಸ್. ಅಡ್ಡಕ್ಕೆ ಎಸ್‌ಒಪಿಗಳು, ಉದ್ದಕ್ಕೆ ಜನರು. ಯಾರಿಗೆ ಯಾವುದು ಬೇಕು, ಯಾವುದು ಆಗಿದೆ, ಯಾವುದು ಬಾಕಿ. ಇದನ್ನು ತುಂಬುವುದು ಒಂದು ವಾರದಲ್ಲಿ ಬರುತ್ತದೆ. ನಿಜವಾದ ಕೆಲಸ ಶುರುವಾಗುವುದು ಕ್ಲಾಸಿನಲ್ಲಿ.

ಎಸ್‌ಒಪಿ ಇಂಗ್ಲಿಷಿನಲ್ಲಿರುತ್ತದೆ. ನಿಮ್ಮ ಮುಂದೆ ಕೂತವರಲ್ಲಿ ಒಬ್ಬ ಸವದತ್ತಿಯವನು, ಒಬ್ಬ ಜಮಖಂಡಿಯವನು, ಇನ್ನೊಬ್ಬಳ ಮನೆಮಾತು ಮರಾಠಿ, ಮತ್ತೊಬ್ಬನದು ಕೊಂಕಣಿ. ಓದಿ ಹೇಳಿ, ಪ್ರಶ್ನೆಪತ್ರಿಕೆ ಕೊಟ್ಟು, ಹತ್ತಕ್ಕೆ ಹತ್ತು ಬರೆಸಿಕೊಂಡು ಕಳಿಸಬಹುದು. ಕಾಗದ ಚೊಕ್ಕ ಇರುತ್ತದೆ.

ತಕ್ಕಡಿಯ ದಿನನಿತ್ಯದ ತಪಾಸಣೆ ಬಗ್ಗೆ ನಾನೇ ಕ್ಲಾಸ್ ತೆಗೆದುಕೊಂಡಿದ್ದೆ. ಎಲ್ಲರೂ ಪಾಸು. ಮಾರನೇ ದಿನ ಕಚ್ಚಾ ವಸ್ತು ತೂಗಿ ಕೊಡುವ ಡಿಸ್ಪೆನ್ಸಿಂಗ್ ರೂಮಿನ ಗಾಜಿನಾಚೆ ನಿಂತು ನೋಡಿದೆ. ಬಾಗಲಕೋಟೆ ಕಡೆಯ ಒಬ್ಬ ಹುಡುಗ ತಕ್ಕಡಿ ಆನ್ ಮಾಡಿದ, ಸ್ಟ್ಯಾಂಡರ್ಡ್ ತೂಕ ಇಟ್ಟ, ಬರೆದ. 'ಸ್ಪಿರಿಟ್ ಲೆವೆಲ್ ಸರಿ ಇದೆ' ಅನ್ನುವ ಕಾಲಮ್ಮಿನಲ್ಲೂ ಟಿಕ್ ಹಾಕಿದ. ಆದರೆ ಅವನ ಕಣ್ಣು ಒಮ್ಮೆಯೂ ತಕ್ಕಡಿಯ ಮೂಲೆಯಲ್ಲಿದ್ದ ಆ ಪುಟ್ಟ ಗುಳ್ಳೆಯ ಕಡೆ ಹೋಗಲಿಲ್ಲ. ಹೊರಗೆ ಬಂದ ಮೇಲೆ ಕೇಳಿದೆ. "ಅದು ಏನಂತ ಗೊತ್ತಾಗ್ಲಿಲ್ರಿ ಸರ. ಹಿಂದಿನವ್ರೂ ಟಿಕ್ ಹಾಕ್ಯಾರ, ನಾನೂ ಹಾಕೀನ್ರಿ."

ಅವನ ಅಪ್ಪ ಗೌಂಡಿ ಅಂತ ನನಗೆ ಗೊತ್ತಿತ್ತು. "ಅಪ್ಪನ ಕಡೆ ರಸಮಟ್ಟ ಐತಲ್ಲಪಾ?" ಅಂದೆ. ಅವನ ಮುಖ ಅರಳಿತು. "ಓ, ರಸಮಟ್ಟಾನೇನ್ರಿ ಇದು! ಗುಳ್ಳಿ ನಡುವ ಇರಬೇಕಲ್ರಿ!" ಮತ್ತೆ ಒಳಗೆ ಹೋಗಿ ನೋಡಿದ. ಗುಳ್ಳೆ ವೃತ್ತದ ಅಂಚಿಗೆ ತಾಗಿತ್ತು. ತಕ್ಕಡಿಯ ಕಾಲು ತಿರುಗಿಸಿ ನಡುವಿಗೆ ತಂದ, ಮತ್ತೆ ತೂಕ ಇಟ್ಟ. ಅವತ್ತು ಸಂಜೆ ನಾನು ಆ ಎಸ್‌ಒಪಿಗೆ ಗುಳ್ಳೆಯ ಎರಡು ಚಿತ್ರ ಸೇರಿಸಲು ಬದಲಾವಣೆ ಅರ್ಜಿ ಹಾಕಿದೆ. ಹುಡುಗ ದಡ್ಡನಲ್ಲ. ನನ್ನ ಕ್ಲಾಸು ಅವನ ಭಾಷೆಯಲ್ಲಿ ಇರಲಿಲ್ಲ, ಅಷ್ಟೇ.

ಅದಕ್ಕೆ ನನ್ನ ಕ್ರಮ ಇದು. ಕ್ಲಾಸಿಗೆ ಮುಂಚೆ ಎಸ್‌ಒಪಿ ಹಿಡಿದು ಆ ಜಾಗಕ್ಕೆ ಹೋಗಿ ಕೆಲಸ ನೋಡಿ. ಕಷ್ಟದ ಪದಗಳಿಗೆ ಅಲ್ಲಿನ ಜನ ಏನು ಅನ್ನುತ್ತಾರೆ ಕೇಳಿ ಬರೆದುಕೊಳ್ಳಿ. ಕ್ಲಾಸಿನಲ್ಲಿ 'ಏನು' ಅನ್ನುವುದಕ್ಕಿಂತ 'ಯಾಕೆ' ಜಾಸ್ತಿ ಹೇಳಿ. ಪ್ರಶ್ನೆಪತ್ರಿಕೆಯಲ್ಲಿ 'ಎಸ್‌ಒಪಿ ನಂಬರ್ ಎಷ್ಟು' ಅಂತ ಕೇಳಬೇಡಿ. 'ಗುಳ್ಳೆ ಅಂಚಿನಲ್ಲಿದ್ದರೆ ಏನು ಮಾಡುತ್ತೀರಿ' ಅಂತ ಕೇಳಿ. ಆಮೇಲೆ ಒಂದು ವಾರದೊಳಗೆ ಹೋಗಿ ಕೈ ನೋಡಿ. ಸಿಟ್ಟು ಬೇಡ, ಕ್ಯಾಮೆರಾ ಬೇಡ, ಸುಮ್ನೆ ನಿಂತು ನೋಡಿ.

ಯಾವ ಡೀವಿಯೇಷನ್ ಬಂದರೂ ಕೊನೆಗೆ 'ಸಂಬಂಧಪಟ್ಟವರಿಗೆ ಮರುತರಬೇತಿ ಕೊಡಲಾಯಿತು' ಅಂತ ಬರೆದು ಮುಚ್ಚುವ ಅಭ್ಯಾಸ ಬಹಳ ಕಡೆ ಇದೆ. ಇದನ್ನು ನಾನು ಒಪ್ಪುವುದಿಲ್ಲ. ಅದೇ ತಪ್ಪು ಮೂರನೇ ಸಲ, ಮೂರನೇ ವ್ಯಕ್ತಿಯಿಂದ ಆಯಿತು ಅಂದರೆ ತೊಂದರೆ ಇರುವುದು ಜನರಲ್ಲಿ ಅಲ್ಲ. ಫಾರ್ಮ್ಯಾಟ್ ಗೊಂದಲ ಇರಬಹುದು, ಬೆಳಕು ಸಾಲದಿರಬಹುದು, ಒಬ್ಬನ ಕೈಗೆ ಇಬ್ಬರ ಕೆಲಸ ಕೊಟ್ಟಿರಬಹುದು. ಕೇಳುವ ಹಕ್ಕು ನಿಮಗಿದೆ. ಹೊಸಬರಾದರೂ ಕೇಳಿ.

ತರಬೇತಿ ಕ್ಯಾಲೆಂಡರ್ ಹಾಕುವಾಗ ಗೋಡೆಯ ಕ್ಯಾಲೆಂಡರ್ ಕೂಡ ನೋಡಿ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ನಮ್ಮ ಕಡೆಯ ಅರ್ಧ ಪಾಳಿ ಯಲ್ಲಮ್ಮನ ಗುಡ್ಡದಲ್ಲಿರುತ್ತದೆ. ಸುಗ್ಗಿಯಲ್ಲಿ ರಜೆ ಜಾಸ್ತಿ. ಅವರು ಇಲ್ಲದಾಗ ಒಂದು ಎಸ್‌ಒಪಿ ಬದಲಾಗಿ ಜಾರಿಗೆ ಬಂದಿದ್ದರೆ, ವಾಪಸ್ ಬಂದ ದಿನ ಗೇಟಿನಿಂದ ನೇರ ಯಂತ್ರದ ಹತ್ತಿರ ಹೋಗಬಾರದು, ಮೊದಲು ನಿಮ್ಮ ಹತ್ತಿರ ಬರಬೇಕು. ರಜೆ ಪಟ್ಟಿಯನ್ನು ಎಚ್‌ಆರ್‌ನಿಂದ ವಾರಕ್ಕೊಮ್ಮೆ ತರಿಸಿಕೊಳ್ಳಿ. ಗುತ್ತಿಗೆ ಕೆಲಸಗಾರರನ್ನೂ ರಾತ್ರಿ ಪಾಳಿಯವರನ್ನೂ ಮರೆಯಬೇಡಿ. ಮ್ಯಾಟ್ರಿಕ್ಸ್‌ನಲ್ಲಿ ತೂತು ಬೀಳುವುದು ಜಾಸ್ತಿ ಅಲ್ಲೇ.

ಕಂಪ್ಯೂಟರ್ ಬಂದ ಮೇಲೆ

ದೊಡ್ಡ ಕಂಪನಿಗಳಲ್ಲಿ ಈಗ ವೀವಾ ವಾಲ್ಟ್, ಮಾಸ್ಟರ್‌ಕಂಟ್ರೋಲ್, ಟ್ರ್ಯಾಕ್‌ವೈಸ್, ಕಂಪ್ಲೈಯನ್ಸ್‌ವೈರ್ ಇಂಥ ಸಾಫ್ಟ್‌ವೇರ್ ಇವೆ. ಅಲ್ಲಿಗೆ ಹೋದ ಮೇಲೆ ಕಲಿತರೆ ಸಾಕು. ಆದರೆ 1997ರಿಂದ ಅಮೆರಿಕದಲ್ಲಿ ಜಾರಿಯಲ್ಲಿರುವ 21 ಸಿಎಫ್‌ಆರ್ ಪಾರ್ಟ್ 11 ಮಾತ್ರ ಮುಂಚೆಯೇ ಓದಿಕೊಳ್ಳಿ. ಅದರ ಪ್ರಕಾರ ಕಂಪ್ಯೂಟರ್‌ನಲ್ಲಿ ಹಾಕಿದ ಸಹಿಗೂ ಪೆನ್ನಿನ ಸಹಿಯಷ್ಟೇ ಬೆಲೆ. ಅಂದಮೇಲೆ ಪಾಸ್‌ವರ್ಡ್ ಕೊಡುವುದು ಅಂದರೆ ಖಾಲಿ ಚೆಕ್‌ಗೆ ಸಹಿ ಮಾಡಿಕೊಟ್ಟ ಹಾಗೆ. ಗೆಳೆಯನಾದರೂ ಕೊಡಬೇಡಿ.

'ಓದಿ ಅರ್ಥಮಾಡಿಕೊಂಡಿದ್ದೇನೆ' ಅನ್ನುವ ಬಟನ್ ಬಗ್ಗೆಯೂ ಎಚ್ಚರ. ಯಾರು ಯಾವಾಗ ಒತ್ತಿದರು ಅಂತ ಆಡಿಟ್ ಟ್ರೇಲ್‌ನಲ್ಲಿ ನಿಮಿಷ ಸಮೇತ ಉಳಿಯುತ್ತದೆ. ತಿಂಗಳ ಕೊನೆಯ ದಿನ ಒಬ್ಬ ವ್ಯಕ್ತಿ ಇಪ್ಪತ್ತು ನಿಮಿಷದಲ್ಲಿ ಮೂವತ್ತು ಎಸ್‌ಒಪಿ ಓದಿದ ಅಂತ ಇದ್ದರೆ, ಅದನ್ನು ಇನ್‌ಸ್ಪೆಕ್ಟರ್ ನೋಡುವ ಮುಂಚೆ ನೀವೇ ನೋಡಬೇಕು.

ಇನ್‌ಸ್ಪೆಕ್ಷನ್ ದಿನ

ಮುಂದಿನ ರೂಮಿನಲ್ಲಿ ಇನ್‌ಸ್ಪೆಕ್ಟರ್ ಮತ್ತು ಹಿರಿಯರು. ಹಿಂದಿನ ರೂಮಿನಲ್ಲಿ ನೀವು. ಯಾವ ದಾಖಲೆ ಕೇಳಿದರು, ಎಷ್ಟು ಗಂಟೆಗೆ, ಯಾವಾಗ ಕೊಟ್ಟೆವು ಅಂತ ಪಟ್ಟಿ ಇಡುತ್ತೀರಿ. ಕೇಳಿದ್ದನ್ನೇ ಕೊಡಿ, ಪಕ್ಕದ ಫೈಲ್ ಬೇಡ. ಕಳಿಸುವ ಮುಂಚೆ ಒಮ್ಮೆ ತಿರುವಿ ನೋಡಿ. ಏನಾದರೂ ತಪ್ಪು ಕಂಡರೆ ಹಿರಿಯರಿಗೆ ಹೇಳಿ, ಆ ಹೊತ್ತಿನಲ್ಲಿ ಒಂದು ಚುಕ್ಕೆಯನ್ನೂ ತಿದ್ದಬೇಡಿ. ನಿಮ್ಮನ್ನೇ ಕರೆದು ಕೇಳಿದರೆ ಗೊತ್ತಿದ್ದದ್ದು ಹೇಳಿ. ಗೊತ್ತಿಲ್ಲದಿದ್ದರೆ, ನೋಡಿ ಹೇಳುತ್ತೇನೆ ಅನ್ನಿ. ಊಹೆ ಮಾಡಿ ಹೇಳಿದ ಒಂದು ವಾಕ್ಯದಿಂದ ಎರಡು ದಿನ ಕಷ್ಟಪಟ್ಟವರಿದ್ದಾರೆ.

ಅವರು ತಪ್ಪದೆ ಮಾಡುವ ಒಂದು ಕೆಲಸ ಇದೆ. ಬಿಎಂಆರ್ ತೆರೆದು ಯಾವುದೋ ಒಂದು ಸಹಿಯ ಮೇಲೆ ಬೆರಳಿಟ್ಟು ಕೇಳುತ್ತಾರೆ: ಇವರ ತರಬೇತಿ ಫೈಲ್ ತನ್ನಿ. ಆ ಕೆಲಸದ ತರಬೇತಿ, ಆ ಆವೃತ್ತಿಯ ಎಸ್‌ಒಪಿ ಮೇಲೆ, ಆ ತಾರೀಖಿಗೆ ಮುಂಚೆ ಆಗಿದೆಯಾ ಅಂತ ನೋಡುತ್ತಾರೆ.

ಅದಕ್ಕೆ ನಾನು ಪ್ರತಿ ಶನಿವಾರ ಮಧ್ಯಾಹ್ನ ಇದನ್ನೇ ಮಾಡುತ್ತೇನೆ. ವಾರದ ಬಿಎಂಆರ್‌ಗಳಲ್ಲಿ ಕಣ್ಣು ಮುಚ್ಚಿ ಒಂದನ್ನು ಎಳೆಯುತ್ತೇನೆ. ಒಂದು ಪುಟ, ಒಂದು ಸಹಿ. ಸಹಿ ರಿಜಿಸ್ಟರ್‌ನಲ್ಲಿ ಅದು ಯಾರದು ಅಂತ ಹುಡುಕಿ, ಅವರ ಫೈಲ್ ತೆಗೆದು, ತಾರೀಖು ಪಕ್ಕ ಪಕ್ಕ ಇಟ್ಟು ನೋಡುತ್ತೇನೆ. ಹದಿನೈದು ನಿಮಿಷದ ಕೆಲಸ. ನೀವು ಸೇರಿದ ಮೊದಲ ಶನಿವಾರವೇ ಶುರು ಮಾಡಿ.